ತಾಯಿಯ ತಲೆಗೆ ಕಟ್ಟಿದ ಸುಳ್ಳು
(ಬಾನುಲಿ ಭಾಷಣ)



ಮಕ್ಕಳನ್ನು ಬೆಳೆಸುವ ಬಗೆ ಹೇಳಿಕೊಡುವ ಪುಸ್ತಕಗಳು ಈಗ ಪುಸ್ತಕದಂಗಡಿಯ ಒಂದು ಕಪಾಟು ತುಂಬುವಷ್ಟಿವೆ. ಅವುಗಳಲ್ಲಿ ಒಳ್ಳೆಯವೂ ಇವೆ. ನಾನು ಇವತ್ತು ಹೇಳಹೊರಟಿರುವುದು ಇನ್ನೊಂದು ಬಗೆಯ ಪುಸ್ತಕದ ವಿಚಾರ. ಅಂಥ ಪುಸ್ತಕ ಬರೆದವರಿಗೆ ಇಲ್ಲದ ವಿದ್ಯೆ ಇದೆಯೆಂದು ಹೇಳಲಾಗಿರುತ್ತದೆ. ಯಾರೂ ತಾಳೆ ನೋಡಲಾಗದ ಅಂಕಿ ಅಂಶಗಳು ಸಂಶೋಧನೆಯ ಹೆಸರಿನಲ್ಲಿ ಅಚ್ಚಾಗಿರುತ್ತವೆ. ಅಡುಗೆ ಪುಸ್ತಕದಲ್ಲಿ ಅಳತೆ ತಪ್ಪಿದ್ದರೆ ಒಂದು ಹೊತ್ತಿನ ಊಟ ಕೆಟ್ಟೀತು, ಮಾರನೇ ದಿನ ಸರಿಮಾಡಿಕೊಳ್ಳಬಹುದು. ಮಗುವಿನ ವಿಷಯದಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಮಗು ದೊಡ್ಡದಾಗಿರುತ್ತದೆ. ಅಷ್ಟೂ ವರ್ಷ ತಾಯಿ ತನ್ನನ್ನೇ ಹಳಿದುಕೊಂಡು ಕಳೆದಿರುತ್ತಾಳೆ.

ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ನಡೆದದ್ದು. ಆ ದೇಶದ ಸಾವಿರಾರು ಮನೆಗಳನ್ನು ಅದು ಮುಟ್ಟಿತು. ಅದರ ಸೋಂಕು ನಮ್ಮಲ್ಲೂ ಇನ್ನೂ ಪೂರ್ತಿ ಹೋಗಿಲ್ಲ.

ಬ್ರೂನೊ ಬೆಟಲ್‌ಹೈಮ್ 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ತಂದೆ ತೀರಿಕೊಂಡ ಮೇಲೆ ಮನೆತನದ ಮರದ ವ್ಯಾಪಾರ ನೋಡಿಕೊಂಡವರು. 1938ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅದೇ ವರ್ಷ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಯಹೂದಿಯಾಗಿದ್ದ ಬೆಟಲ್‌ಹೈಮ್‌ರನ್ನು ಹಿಡಿದು ಮೊದಲು ಡಾಖಾವ್, ಆಮೇಲೆ ಬುಖೆನ್‌ವಾಲ್ಡ್ ಶಿಬಿರಕ್ಕೆ ಹಾಕಿದರು. 1939ರಲ್ಲಿ ಬಿಡುಗಡೆಯಾಗಿ ಅಮೆರಿಕ ಸೇರಿದರು. ಅವರು ಪಟ್ಟ ಯಾತನೆ ನಿಜ, ಅದರಲ್ಲಿ ಎರಡು ಮಾತಿಲ್ಲ. 1944ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ ಆರ್ಥೊಜೆನಿಕ್ ಶಾಲೆಯ ಮುಖ್ಯಸ್ಥರಾದರು. ಮಾನಸಿಕ ತೊಂದರೆಯಿರುವ ಮಕ್ಕಳು ಅಲ್ಲೇ ಉಳಿದುಕೊಂಡು ಕಲಿಯುವ ಶಾಲೆ ಅದು. ಸುಮಾರು ಮೂವತ್ತು ವರ್ಷ, 1973ರವರೆಗೆ, ಅಲ್ಲಿ ಅವರ ಮಾತೇ ಅಂತಿಮವಾಗಿತ್ತು.

ಆ ಡಾಕ್ಟರೇಟ್ ಯಾವ ವಿಷಯದಲ್ಲಿ? ಪ್ರಕೃತಿಯ ಚೆಲುವು ಮತ್ತು ಆಧುನಿಕ ಸೌಂದರ್ಯಮೀಮಾಂಸೆ ಅವರ ಪ್ರಬಂಧದ ವಸ್ತು. ಅದು ತತ್ತ್ವಶಾಸ್ತ್ರದ ಪದವಿ. ಮನಶ್ಶಾಸ್ತ್ರದಲ್ಲಿ ಅವರಿಗೆ ಪದವಿ ಇರಲಿಲ್ಲ. ಅಮೆರಿಕದಲ್ಲಿ ಮಾತ್ರ ಅವರು ಮನಶ್ಶಾಸ್ತ್ರದಲ್ಲಿ ಆಳವಾದ ತರಬೇತಿ ಪಡೆದ, ಫ್ರಾಯ್ಡ್ ಪರಂಪರೆಯ ವಿಯೆನ್ನಾದ ವಿದ್ವಾಂಸರೆಂದೇ ಹೆಸರಾದರು. ಅವರನ್ನು ಶಿಕಾಗೋಕ್ಕೆ ಕರೆತಂದ ಪ್ರೊಫೆಸರ್ ರಾಲ್ಫ್ ಟೈಲರ್ ಕೂಡ, ಈ ಮನುಷ್ಯನಿಗೆ ಎರಡು ಡಾಕ್ಟರೇಟ್‌ಗಳಿವೆ, ಒಂದು ಕಲೆಯ ಇತಿಹಾಸದಲ್ಲಿ, ಇನ್ನೊಂದು ಮನಶ್ಶಾಸ್ತ್ರದಲ್ಲಿ ಎಂದೇ ನಂಬಿದ್ದರು. ಯುದ್ಧದಲ್ಲಿ ಯೂರೋಪು ಹೊತ್ತಿ ಉರಿಯುತ್ತಿದ್ದಾಗ ವಿಯೆನ್ನಾಕ್ಕೆ ಕಾಗದ ಬರೆದು ಅಂಕಪಟ್ಟಿ ತರಿಸಿಕೊಳ್ಳುವವರು ಯಾರು? ಪ್ರಾಣ ಉಳಿಸಿಕೊಂಡು ಬಂದ ನಿರಾಶ್ರಿತನ ಹತ್ತಿರ ದಾಖಲೆ ಕೇಳುವುದು ಅಮಾನವೀಯ ಎಂದೂ ಅನ್ನಿಸಿರಬೇಕು. ಆ ಸೌಜನ್ಯವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಯುದ್ಧ ಮುಗಿಯಿತು, ವರ್ಷಗಳು ಉರುಳಿದವು, ಪುಸ್ತಕದ ಮೇಲೆ ಪುಸ್ತಕ ಬಂತು, ಆಗಲೂ ಯಾರೂ ಕೇಳಲಿಲ್ಲ.

ಇನ್ನು ಸಂಶೋಧನೆಯ ಮಾತು. 1956ರಲ್ಲಿ ಫೋರ್ಡ್ ಪ್ರತಿಷ್ಠಾನ ಅವರ ಕೆಲಸಕ್ಕೆ ಧನಸಹಾಯ ಕೊಟ್ಟಿತು. 1967ರಲ್ಲಿ 'ದಿ ಎಂಪ್ಟಿ ಫೋರ್ಟ್ರೆಸ್' ಎಂಬ ದಪ್ಪ ಪುಸ್ತಕ ಹೊರಬಂತು. ವಿಷಯ ಆಟಿಸಂ, ನಾವು ಸ್ವಲೀನತೆ ಎನ್ನುವ ಸ್ಥಿತಿ. ಅಂಥ ಮಕ್ಕಳಲ್ಲಿ ಕೆಲವರು ಮಾತು ಕಲಿಯುವುದು ತಡವಾಗುತ್ತದೆ, ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು ಕಷ್ಟವಾಗುತ್ತದೆ, ಒಂದೇ ಆಟ, ಒಂದೇ ಚಲನೆ ಮತ್ತೆ ಮತ್ತೆ ಬೇಕಾಗುತ್ತದೆ. ಬೆಟಲ್‌ಹೈಮ್ ಕೊಟ್ಟ ಕಾರಣ ಏನು ಗೊತ್ತೆ? ಈ ಮಗು ಇರಲೇಬಾರದಿತ್ತು ಎಂಬ ಹೆತ್ತವರ ಒಳಬಯಕೆ ಮಗುವಿಗೆ ಅರಿವಾಗಿ, ಅದು ತನ್ನೊಳಗೆ ಮುಚ್ಚಿಕೊಳ್ಳುತ್ತದಂತೆ. ನಾಜಿ ಶಿಬಿರದ ಕೈದಿಗಳು ಬದುಕಿನ ಆಸೆ ಬಿಟ್ಟು ಕಲ್ಲಾಗುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಕೈದಿಯ ಜಾಗದಲ್ಲಿ ಮಗುವನ್ನು ಇಟ್ಟರು. ಹಾಗಾದರೆ ಕಾವಲುಗಾರನ ಜಾಗದಲ್ಲಿ ಯಾರು? ಓದಿದ ತಾಯಂದಿರಿಗೆ ಉತ್ತರವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದಕ್ಕೆ ಬೆಂಬಲವಾಗಿ ಅವರು ಕೊಟ್ಟ ಲೆಕ್ಕ ಇದು. ತಮ್ಮ ಶಾಲೆಯ 40 ಮಕ್ಕಳಲ್ಲಿ 17 ಮಂದಿಗೆ ಒಳ್ಳೆಯ ಫಲ ಸಿಕ್ಕಿತು, 15 ಮಂದಿಗೆ ಸಾಧಾರಣ ಫಲ, 8 ಮಂದಿಗೆ ಮಾತ್ರ ಏನೂ ಗುಣ ಕಾಣಲಿಲ್ಲ. ಐವರಲ್ಲಿ ನಾಲ್ವರು ಸುಧಾರಿಸಿದರು ಎಂದಾಯಿತು. ಆ ಕಾಲದಲ್ಲಿ ಬೇರೆ ಯಾರೂ ಕಾಣದ ಫಲಿತಾಂಶ ಇದು. ಈ ಅಂಕಿಗಳನ್ನು ನಿಧಾನವಾಗಿ ನೋಡೋಣ. ಆ 40 ಮಕ್ಕಳಿಗೆ ಆಟಿಸಂ ಇದೆಯೆಂದು ನಿರ್ಧರಿಸಿದವರು ಯಾರು? ಶಾಲೆಯವರು. ಚಿಕಿತ್ಸೆ ಮಾಡಿದವರು? ಶಾಲೆಯವರೇ. ಗುಣವಾಯಿತು ಎಂದು ತೀರ್ಮಾನಿಸಿದವರು? ಅವರೇ. ಅಂಥದೇ ತೊಂದರೆಯಿದ್ದು ಬೇರೆ ಕಡೆ ಬೆಳೆದ ಮಕ್ಕಳ ಜೊತೆ ಹೋಲಿಸಿ ನೋಡಲಿಲ್ಲ. ಹೊರಗಿನ ವೈದ್ಯರೊಬ್ಬರು ಬಂದು ಮಕ್ಕಳನ್ನು ಮತ್ತೆ ಪರೀಕ್ಷಿಸಲಿಲ್ಲ. ಹೆತ್ತವರ ಸಾಕ್ಷ್ಯವನ್ನಾದರೂ ಕೇಳೋಣವೆಂದರೆ, ಆ ಶಾಲೆಯಲ್ಲಿ ಮಕ್ಕಳು ಮಲಗುವ ಕೋಣೆಗಳ ಕಡೆಗೆ ಅಪ್ಪ ಅಮ್ಮಂದಿರಿಗೆ ಪ್ರವೇಶವೇ ಇರಲಿಲ್ಲ. ಸಂಖ್ಯೆ ಇದ್ದ ಮಾತ್ರಕ್ಕೆ ಅದು ಸಂಶೋಧನೆ ಆಗುವುದಿಲ್ಲ. ಇನ್ನೊಬ್ಬರು ಹೋಗಿ ತಾಳೆ ನೋಡುವ ದಾರಿ ಇರಬೇಕು. ಇಲ್ಲಿ ಆ ದಾರಿಯನ್ನೇ ಮುಚ್ಚಿದ್ದರು.

ಇದು ವಿದ್ವಾಂಸರ ಕಪಾಟಿನಲ್ಲೇ ಉಳಿದ ಪುಸ್ತಕವಾಗಿದ್ದರೆ ಹಾನಿಗೆ ಒಂದು ಮಿತಿ ಇರುತ್ತಿತ್ತು. ಬೆಟಲ್‌ಹೈಮ್ ಅಮೆರಿಕದ ಗೃಹಿಣಿಯರು ಓದುವ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ತಾಯಂದಿರ ಜೊತೆಗಿನ ಮಾತುಕತೆಗಳ ಪುಸ್ತಕ 1962ರಲ್ಲೇ ಬಂದಿತ್ತು. 1987ರಲ್ಲಿ, ಒಳ್ಳೆಯ ತಂದೆತಾಯಿ ಆಗುವುದು ಹೇಗೆ ಎಂದು ಮತ್ತೊಂದು ಪುಸ್ತಕ ತಂದರು. ವುಡಿ ಆಲೆನ್ 1983ರಲ್ಲಿ ಮಾಡಿದ 'ಜೆಲಿಗ್' ಸಿನಿಮಾದಲ್ಲಿ ತಜ್ಞರಾಗಿ, ತಮ್ಮದೇ ಹೆಸರಿನಲ್ಲಿ ಕಾಣಿಸಿಕೊಂಡರು. ಮನೆಮಾತಾದ ಮನುಷ್ಯ. ಅವರ ಮಾತು ಮಕ್ಕಳ ವೈದ್ಯರ ಬಾಯಿಗೆ ಬಂತು, ಶಾಲೆಯ ಟೀಚರ ಬಾಯಿಗೆ ಬಂತು, ಅತ್ತೆ ನಾದಿನಿಯರ ಬಾಯಿಗೂ ಬಂತು. ಮಗುವಿನ ಜೊತೆಗೆ ತಾಯಿಯೂ ಮನೋಚಿಕಿತ್ಸೆಗೆ ಹೋಗಬೇಕು, ತನ್ನೊಳಗಿನ ದ್ವೇಷವನ್ನು ಹುಡುಕಿ ಒಪ್ಪಿಕೊಳ್ಳಬೇಕು. ದ್ವೇಷ ಇಲ್ಲವೆಂದರೆ ಅದನ್ನು ಬಚ್ಚಿಡುತ್ತಿದ್ದಾಳೆ ಎಂದು ಅರ್ಥ. ಈ ಆರೋಪದಿಂದ ಪಾರಾಗುವ ಬಾಗಿಲೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಸುಳ್ಳು ಪದವಿ ಎಂದರೆ ಬರೀ ಕಾಗದದ ಮೋಸ, ಯಾರಿಗೇನು ನಷ್ಟ ಎನ್ನುವವರಿದ್ದಾರೆ. ಆ ಪದವಿಯ ಬಲದಿಂದಲೇ ಒಬ್ಬ ಹೊರಗಿನವನು ಹೆತ್ತವಳಿಗೆ, ನಿನ್ನ ಮಗು ಹೀಗಾಗಲು ನೀನೇ ಕಾರಣ ಎಂದು ಹೇಳಬಲ್ಲವನಾದ. ಆಕೆ ಎದುರಾಡಲಾರದೆ ಹೋದಳು.

ಹಾಗಾದರೆ ತಾಯಿಯೇ ಕಾರಣ ಎಂಬ ಈ ವಾದವನ್ನು ಕೆಡವಿದವರು ಯಾರು? ವಿಶ್ವವಿದ್ಯಾನಿಲಯದ ಸಮಿತಿಯೂ ಅಲ್ಲ, ಪ್ರಕಾಶಕರೂ ಅಲ್ಲ. ಬರ್ನಾರ್ಡ್ ರಿಮ್ಲಂಡ್ ಎಂಬ ಒಬ್ಬ ತಂದೆ. ಸ್ಯಾನ್ ಡಿಯಾಗೋದಲ್ಲಿ ನೌಕಾಪಡೆಗೆ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ. ಅವರ ಪದವಿ ಅಸಲಿ. 1956ರಲ್ಲಿ ಹುಟ್ಟಿದ ಮಗನಿಗೆ ಆಟಿಸಂ. ಹೆಂಡತಿಯನ್ನು ಕಣ್ಣೆದುರಿಗೇ ಕಾಣುತ್ತಿದ್ದ ಆ ಮನುಷ್ಯನಿಗೆ, ತಾಯಿಯ ಪ್ರೀತಿಯ ಕೊರತೆಯಿಂದ ಹೀಗಾಯಿತು ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿ, ಟಿಪ್ಪಣಿ ಮಾಡಿ, 1964ರಲ್ಲಿ ಪುಸ್ತಕ ಬರೆದರು: ಇದರ ಮೂಲ ಮಿದುಳಿನಲ್ಲಿದೆ, ತಾಯಿಯ ಮನಸ್ಸಿನಲ್ಲಿ ಇಲ್ಲ. ಪುಸ್ತಕದ ಕೊನೆಗೆ ಒಂದು ಪ್ರಶ್ನಾವಳಿ ಸೇರಿಸಿದ್ದರು. ಹೆತ್ತವರು ಆ ಪುಟಗಳನ್ನು ಹರಿದು, ತಮ್ಮ ಮಗುವಿನ ವಿವರ ತುಂಬಿ, ಅವರಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಶಿಕಾಗೋದಲ್ಲಿ ಬಾಗಿಲಾಚೆ ನಿಂತಿದ್ದ ಅಪ್ಪ ಅಮ್ಮಂದಿರು ಇಲ್ಲಿ ಸಾಕ್ಷಿಗಳಾದರು. 1965ರಲ್ಲಿ ಹೆತ್ತವರ ರಾಷ್ಟ್ರೀಯ ಸಂಘವೇ ಹುಟ್ಟಿತು.

ಬೆಟಲ್‌ಹೈಮ್‌ರ ಪುಸ್ತಕ ಬಂದ 1967ರಲ್ಲೇ ಇನ್ನೊಂದು ಪುಸ್ತಕವೂ ಬಂತು. ಬರೆದವರು ಮ್ಯಾಸಚೂಸೆಟ್ಸ್‌ನಲ್ಲಿದ್ದ ಇಂಗ್ಲಿಷ್ ಅಧ್ಯಾಪಕಿ ಕ್ಲಾರಾ ಕ್ಲೇಬಾರ್ನ್ ಪಾರ್ಕ್, ಹೆಸರು 'ದಿ ಸೀಜ್'. ತನ್ನ ಮಗಳ ಮೊದಲ ಎಂಟು ವರ್ಷಗಳನ್ನು ಈ ತಾಯಿ ದಾಖಲಿಸಿದರು. ಮಗು ಯಾವುದಕ್ಕೆ ತಿರುಗಿ ನೋಡಿತು, ಯಾವುದಕ್ಕೆ ನೋಡಲಿಲ್ಲ, ಎಲ್ಲವೂ ಅಲ್ಲಿದೆ. ತಜ್ಞರೆನಿಸಿಕೊಂಡವರು ಏನನ್ನೂ ಬಿಚ್ಚಿ ಹೇಳದೆ ತಣ್ಣಗೆ ಸಾಗಹಾಕಿದ್ದೂ ಇದೆ. ಮನಶ್ಶಾಸ್ತ್ರದ ಪದವಿ ಆಕೆಗೂ ಇರಲಿಲ್ಲ, ಇದೆಯೆಂದು ಹೇಳಿಕೊಳ್ಳಲೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರು. ಅದೇ ವರ್ಷದ ಎರಡು ಪುಸ್ತಕಗಳಲ್ಲಿ ಇಂದು ಪುರಾವೆಯಾಗಿ ಓದಬಹುದಾದದ್ದು ಈ ತಾಯಿ ಬರೆದದ್ದು.

ಆಟಿಸಂ ಎಂದು ಈ ಸ್ಥಿತಿಯನ್ನು ಮೊದಲು ವಿವರಿಸಿದ ಲಿಯೊ ಕ್ಯಾನರ್ ಅವರ ಪಾತ್ರವನ್ನೂ ಹೇಳಬೇಕು. 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗ ಇದು ಹುಟ್ಟಿನಿಂದಲೇ ಬಂದದ್ದು ಎಂದಿದ್ದರು. ಆಮೇಲೆ ಹೆತ್ತವರ ಶೀತಲ ಸ್ವಭಾವದ ಮಾತನ್ನೂ ಆಡಿ ಗಾಯ ಮಾಡಿದ್ದರು. 1969ರಲ್ಲಿ ಹೆತ್ತವರ ಸಂಘದ ಸಭೆಗೆ ಬಂದು, ತುಂಬಿದ ಸಭೆಯ ಎದುರು, ನಿಮ್ಮನ್ನು ದೋಷಮುಕ್ತರೆಂದು ಘೋಷಿಸುತ್ತೇನೆ ಎಂದು ಹೇಳಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳ ಅಧ್ಯಯನ ಪ್ರಕಟಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ಒಂದೇ ತಾಯಿ, ಒಂದೇ ಬಸಿರು, ಒಂದೇ ಮನೆ. ವ್ಯತ್ಯಾಸ ಇದ್ದದ್ದು ವಂಶವಾಹಿಯಲ್ಲಿ. ಸಣ್ಣ ಅಧ್ಯಯನವೇ, ಆದರೆ ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದದ್ದು, ಮತ್ತೆ ಮತ್ತೆ ಮಾಡಿ ನೋಡಿದ್ದು. ಬೆಟಲ್‌ಹೈಮ್ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಪದವಿಯ ಸುಳ್ಳು ಎಲ್ಲರಿಗೂ ಗೊತ್ತಾದದ್ದು 1990ರಲ್ಲಿ ಅವರು ತೀರಿಕೊಂಡ ಮೇಲೆ. ಅದೇ ಶಾಲೆಯಲ್ಲಿ ಬೆಳೆದ ಕೆಲವರು ಪತ್ರಿಕೆಗಳಿಗೆ ಬರೆದರು: ಮಕ್ಕಳ ಮೇಲೆ ಯಾರೂ ಕೈಯೆತ್ತಬಾರದು ಎಂದು ಬರೆಯುತ್ತಿದ್ದ ಈ ಮನುಷ್ಯ ನಮ್ಮನ್ನು ಹೊಡೆಯುತ್ತಿದ್ದರು ಎಂದು. ಅವರಿಂದ ಬದುಕು ಸಿಕ್ಕಿತು ಎಂದು ನೆನೆದವರೂ ಇದ್ದರು. ಪದವಿಯ ವಿಷಯವನ್ನು ಬೆನ್ನು ಹತ್ತಿ ಹೋದವರು ರಿಚರ್ಡ್ ಪೊಲಾಕ್ ಎಂಬ ಪತ್ರಕರ್ತರು. ಅವರಿಗೆ ಅದು ಬರೀ ವೃತ್ತಿಯ ಕೆಲಸವಾಗಿರಲಿಲ್ಲ. ಅವರ ತಮ್ಮ ಆ ಶಾಲೆಯ ವಿದ್ಯಾರ್ಥಿ. 1948ರಲ್ಲಿ ರಜೆಗೆ ಬಂದಾಗ ಅಣ್ಣತಮ್ಮಂದಿರು ಒಂದು ಹುಲ್ಲಿನ ಅಟ್ಟದಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಹುಲ್ಲು ಮುಚ್ಚಿಕೊಂಡಿದ್ದ ಒಂದು ಕಿಂಡಿಯ ಮೇಲೆ ಕಾಲಿಟ್ಟು ತಮ್ಮ ಕೆಳಗೆ ಬಿದ್ದು ಸತ್ತ. ಅಣ್ಣ ಅಲ್ಲೇ ಇದ್ದ. ಇಪ್ಪತ್ತು ವರ್ಷ ಕಳೆದ ಮೇಲೆ, ತಮ್ಮನ ಬಗ್ಗೆ ನಾಲ್ಕು ಮಾತು ಕೇಳಿಕೊಂಡು ಬರೋಣವೆಂದು ಪೊಲಾಕ್ ಬೆಟಲ್‌ಹೈಮ್‌ರ ಬಳಿ ಹೋದರು. ಅವರು ಹೇಳಿದ್ದು: ಅದು ಆಕಸ್ಮಿಕವಲ್ಲ, ಹುಡುಗ ಬೇಕೆಂದೇ ಪ್ರಾಣ ಕಳೆದುಕೊಂಡ, ಅದಕ್ಕೆ ನಿಮ್ಮ ತಾಯಿಯೇ ಕಾರಣ. ಕಣ್ಣಾರೆ ಕಂಡವನ ಎದುರು, ಅಲ್ಲಿ ಇರದಿದ್ದವರು ಆಡಿದ ಮಾತು ಅದು. ಪೊಲಾಕ್ ವರ್ಷಗಟ್ಟಲೆ ದಾಖಲೆ ಕಲೆಹಾಕಿ 1997ರಲ್ಲಿ ಜೀವನಚರಿತ್ರೆ ಪ್ರಕಟಿಸಿದರು. ಪದವಿಯ ಕಥೆ, ತರಬೇತಿಯ ಕಥೆ, ವಿಯೆನ್ನಾದಲ್ಲೇ ಆಟಿಸಂ ಇರುವ ಮಗುವಿನ ಆರೈಕೆ ಮಾಡಿದ್ದೆ ಎಂಬ ಕಥೆ, ಒಂದೊಂದನ್ನೂ ದಾಖಲೆಯ ಪಕ್ಕದಲ್ಲಿಟ್ಟು ತೋರಿಸಿದರು. ವಿಯೆನ್ನಾದ ಮನೆಯಲ್ಲಿ ಒಬ್ಬ ಅಮೆರಿಕನ್ ಹುಡುಗಿ ಇದ್ದದ್ದು ನಿಜ. ಅವಳನ್ನು ನೋಡಿಕೊಂಡವರು ಮೊದಲ ಹೆಂಡತಿ.

ಇಲ್ಲಿ ಒಂದು ಕನ್ನಡದ ಎಳೆ ಸೇರಿಕೊಳ್ಳುತ್ತದೆ. ಬೆಟಲ್‌ಹೈಮ್‌ರ ಅತಿ ಪ್ರಸಿದ್ಧ ಪುಸ್ತಕ 1976ರ 'ದಿ ಯೂಸಸ್ ಆಫ್ ಎನ್‌ಚಾಂಟ್‌ಮೆಂಟ್', ಅಜ್ಜಿಕಥೆಗಳು ಮಕ್ಕಳ ಮನಸ್ಸಿಗೆ ಏನು ಮಾಡುತ್ತವೆ ಎಂಬ ಬಗ್ಗೆ. ಅದಕ್ಕೆ ಅಮೆರಿಕದ ಎರಡು ದೊಡ್ಡ ಪ್ರಶಸ್ತಿಗಳು ಬಂದವು. ಬರ್ಕ್‌ಲಿಯ ಜಾನಪದ ವಿದ್ವಾಂಸ ಅಲನ್ ಡಂಡಸ್ 1991ರಲ್ಲಿ ಲೇಖನ ಬರೆದು, ಇದರ ಹಲವು ಭಾಗಗಳು ಜೂಲಿಯಸ್ ಹೊಯ್‌ಶರ್ ಎಂಬ ಮನೋವೈದ್ಯರ 1963ರ ಪುಸ್ತಕದಿಂದ ಹೇಳದೆ ಕೇಳದೆ ಎತ್ತಿದವು ಎಂದು ಸಾಲಿನ ಪಕ್ಕ ಸಾಲು ಇಟ್ಟು ತೋರಿಸಿದರು. ಇದೇ ಡಂಡಸ್ 1982ರಲ್ಲಿ ಸಿಂಡರೆಲಾ ಕಥೆಗಳ ಸಂಪುಟ ತಂದಾಗ ಅದರಲ್ಲಿ ನಮ್ಮ ಎ. ಕೆ. ರಾಮಾನುಜನ್ ಅವರ ಲೇಖನವಿತ್ತು: ಹೊಂಗೂದಲನ್ನು ಮರೆಸಿಕೊಂಡು, ಮಣ್ಣಿನ ಮುಖವಾಡ ತೊಟ್ಟು ಮನೆ ಬಿಟ್ಟ ಹುಡುಗಿ, ಕನ್ನಡದ 'ಹಂಚಿ'ಯ ಕಥೆ. ರಾಮಾನುಜನ್ ಪಾಠ ಮಾಡುತ್ತಿದ್ದದ್ದು ಬೆಟಲ್‌ಹೈಮ್ ಇದ್ದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲೇ. ಒಂದೇ ಆವರಣದಲ್ಲಿ ಇಬ್ಬರು ಅಜ್ಜಿಕಥೆಯ ಕೆಲಸ ಮಾಡಿದರು. ರಾಮಾನುಜನ್ ಕಥೆ ಹೇಳಿದವರು ಯಾರು, ಎಲ್ಲಿ ಕೇಳಿದ್ದು, ಬೇರೆ ಪಾಠಾಂತರ ಯಾವುದು ಎಂದು ತಿಳಿಸಿ ಬರೆಯುತ್ತಿದ್ದವರು. ಆ ಶಿಸ್ತು ಕಷ್ಟದ್ದೇನಲ್ಲ, ಅದಕ್ಕೆ ಮನಸ್ಸು ಬೇಕು ಅಷ್ಟೆ.

ಪುಸ್ತಕದ ಪ್ರಕಾಶಕರು ಇದನ್ನೆಲ್ಲ ನೋಡುವುದಿಲ್ಲವೆ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ನೋಡುವುದಿಲ್ಲ. ವಿಜ್ಞಾನ ಪತ್ರಿಕೆಗೆ ಬಂದ ಪ್ರಬಂಧವನ್ನು ಅಚ್ಚಾಗುವ ಮೊದಲು ಬೇರೆ ತಜ್ಞರು ಓದುತ್ತಾರೆ. ಸಾಮಾನ್ಯ ಓದುಗರ ಪುಸ್ತಕಕ್ಕೆ ಅಂಥ ಕಟ್ಟಳೆ ಇಲ್ಲ. ಬರೆದದ್ದೆಲ್ಲ ನಿಜವೆಂದು ಕರಾರುಪತ್ರದಲ್ಲಿ ಲೇಖಕರು ಸಹಿ ಹಾಕುತ್ತಾರೆ, ಹೊಣೆ ಅಲ್ಲಿಗೆ ಮುಗಿಯುತ್ತದೆ. ಹಾಗೆಂದು ತಜ್ಞರು ಓದಿದ ಮಾತ್ರಕ್ಕೆ ಮೋಸ ನಿಲ್ಲುತ್ತದೆ ಎಂದೂ ಇಲ್ಲ. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ, ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿ 12 ಮಕ್ಕಳ ಅಧ್ಯಯನ ಪ್ರಕಟಿಸಿದ್ದು ಹೆಸರಾಂತ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ. ಪತ್ರಕರ್ತ ಬ್ರಯನ್ ಡೀರ್ ಬೆನ್ನು ಬಿಡದೆ ಹುಡುಕಿದ ಮೇಲೆ 2010ರಲ್ಲಿ ಲೇಖನ ರದ್ದಾಯಿತು, ವೈದ್ಯರ ಪಟ್ಟಿಯಿಂದ ಆತನ ಹೆಸರೂ ಹೋಯಿತು. ನೋವಿನ ಸಂಗತಿಯೆಂದರೆ, ತಾಯಂದಿರನ್ನು ಒಂದು ಸುಳ್ಳಿನಿಂದ ಬಿಡಿಸಿದ ಅದೇ ರಿಮ್ಲಂಡ್ ತಮ್ಮ ಕೊನೆಗಾಲದಲ್ಲಿ ಲಸಿಕೆಯ ವಾದದ ಕಡೆಗೆ ವಾಲಿದರು. ತಾಯಿಯ ತಪ್ಪಿಲ್ಲ ಎಂದು ಕೇಳಲು ಕಾದು ಕಾದು ಸೋತ ಮನಸ್ಸಿಗೆ, ತಪ್ಪು ಸೂಜಿಯದು ಎಂಬ ಮಾತು ಬಹುಬೇಗ ಹಿಡಿಸಿತು. ಒಂದು ಸುಳ್ಳು ಮಾಡಿದ ಗಾಯದಲ್ಲೇ ಇನ್ನೊಂದು ಸುಳ್ಳು ಬೇರು ಬಿಟ್ಟಿತು.

ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಈ ವಿಷಯಕ್ಕೆ ಒಳ್ಳೆಯ ಪರಂಪರೆಯೇ ಇದೆ. 'ತಾಯಿ-ಮಗು' ಬರೆದ ಅನುಪಮಾ ನಿರಂಜನ ಅವರು ವೈದ್ಯರು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳ ಕಾಲ ರೋಗಿಗಳನ್ನು ನೋಡುತ್ತಲೇ ಬರೆದವರು. ಇಂಥವರ ಪುಸ್ತಕದಲ್ಲಿ ತಪ್ಪಿದ್ದರೆ ಓದಿದವರು ಅವರ ಎದುರಿಗೇ ಬಂದು ಕೂತು ಕೇಳಬಹುದಿತ್ತು. ಈಗಿನ ಮಾರುಕಟ್ಟೆ ಬೇರೆ. ಮಿಡ್‌ಬ್ರೈನ್ ಆಕ್ಟಿವೇಶನ್ ಎಂಬ ಹೆಸರಿನಲ್ಲಿ, ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತದೆ ಎಂದು ಸಾವಿರಾರು ರೂಪಾಯಿ ವಸೂಲು ಮಾಡಿದರು. ಮಂಗಳೂರಿನ ನರೇಂದ್ರ ನಾಯಕ್ ಊರೂರು ಸುತ್ತಿ ತೋರಿಸಿಕೊಟ್ಟರು: ಮೂಗಿನ ಪಕ್ಕದ ಸಣ್ಣ ಸಂದಿಯಲ್ಲಿ ಮಗು ಇಣುಕುತ್ತದೆ, ಸಂದಿ ಮುಚ್ಚಿದರೆ ಓದು ನಿಲ್ಲುತ್ತದೆ. ಇದರಲ್ಲಿ ನನ್ನನ್ನು ಕಾಡುವುದು ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ, ದೊಡ್ಡವರನ್ನು ಮೆಚ್ಚಿಸಲು ಸುಳ್ಳು ಹೇಳುವುದನ್ನು ಮಗುವಿಗೆ ಅಪ್ಪ ಅಮ್ಮನೇ ಶುಲ್ಕ ಕಟ್ಟಿ ಕಲಿಸಿದಂತಾಯಿತಲ್ಲ ಎಂಬುದು. ಬೆರಳಚ್ಚು ನೋಡಿ ಮಗುವಿನ ಬುದ್ಧಿ ಯಾವ ಕಡೆಗಿದೆ ಎಂದು ಹೇಳುವ ಡಿ.ಎಂ.ಐ.ಟಿ. ಪರೀಕ್ಷೆಗೆ ಹಾರ್ವರ್ಡಿನ ಹವರ್ಡ್ ಗಾರ್ಡ್ನರ್ ಹೆಸರು ಹಚ್ಚಿದರು. ತಮ್ಮ ಸಿದ್ಧಾಂತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರೇ ಹೇಳಿದ್ದಾರೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2019ರಲ್ಲಿ ಹೇಳಿದೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕೆಂದು 1992ರ ಕಾಯ್ದೆ ಹೇಳುತ್ತದೆ. ಆ ನೋಂದಣಿ ಸಂಖ್ಯೆಯನ್ನು ನೀವು ಕೇಳಬಹುದು, ಕೇಳಿದರೆ ಯಾರಿಗೂ ಅವಮಾನವಿಲ್ಲ. ಪೇರೆಂಟಿಂಗ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು, ಪುಸ್ತಕ ಬರೆಯಲು ಮಾತ್ರ ಯಾವ ನೋಂದಣಿಯೂ ಬೇಕಿಲ್ಲ. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದರೆ ಯಾವ ವಿಷಯದಲ್ಲಿ, ಯಾವ ವಿಶ್ವವಿದ್ಯಾನಿಲಯದಿಂದ ಎಂದು ನೋಡಿ. ಸಂಶೋಧನೆ ಹೇಳುತ್ತದೆ ಎಂದಿದ್ದರೆ ಯಾರ ಸಂಶೋಧನೆ, ಎಷ್ಟು ಮಕ್ಕಳ ಮೇಲೆ, ಬೇರೆಯವರು ಮಾಡಿ ನೋಡಿದ್ದಾರೆಯೇ ಎಂದು ಕೇಳಿ.

ಮಾತು ತಡವಾದ ಮಗುವಿನ ತಾಯಿಗೆ ನಮ್ಮಲ್ಲಿ ಇವತ್ತಿಗೂ ಕೇಳಿಬರುವ ಮಾತುಗಳಿವೆ. ಕೆಲಸಕ್ಕೆ ಹೋಗಿ ಮಗುವನ್ನು ಬಿಟ್ಟೆಯಲ್ಲ, ಬಸುರಿಯಲ್ಲಿ ಅಳುತ್ತಿದ್ದೆಯಲ್ಲ, ಅದಕ್ಕೇ ಹೀಗೆ. ಆ ತಾಯಿ ಈಗ ಇದನ್ನು ಕೇಳುತ್ತಿದ್ದರೆ ನೇರವಾಗಿ ಹೇಳುತ್ತೇನೆ: ಅಮ್ಮಾ, ಆಟಿಸಂ ನಿಮ್ಮ ಪ್ರೀತಿಯ ಕೊರತೆಯಿಂದ ಬರುವುದಿಲ್ಲ. ಈ ಪ್ರಶ್ನೆಯನ್ನು ವಿಜ್ಞಾನ ದಶಕಗಳ ಹಿಂದೆಯೇ ತೀರ್ಮಾನಿಸಿದೆ. ಮಗುವಿಗೆ ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಹೇಳದಿದ್ದರೆ ಕಾಯುತ್ತಾ ಕೂರಬೇಡಿ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡಿ.ಇ.ಐ.ಸಿ. ಎಂಬ ಕೇಂದ್ರಗಳನ್ನು ತೆರೆದಿದ್ದಾರೆ, ಅಲ್ಲಿ ತಪಾಸಣೆ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೋಗುವಾಗ ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾವಾಗಿನಿಂದ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಮೊದಲು ಕೇಳುವುದು ಅದನ್ನೇ.